ಮನೆಗೆ ಆರು ತಿಂಗಳ ಹುಡುಕಾಟ, ಸಾಲಿಸಿಟರ್‌ಗೆ ಐದು ನಿಮಿಷ

ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವ ನಮ್ಮ ಕನ್ನಡದವರು ಎಲ್ಲವನ್ನೂ ಅಳೆದು ತೂಗುತ್ತಾರೆ. ಯಾವ ಸ್ಕೂಲಿನ ಕ್ಯಾಚ್‌ಮೆಂಟ್ (ಆ ಸ್ಕೂಲಿಗೆ ಸೇರುವ ಪ್ರದೇಶ), ಸ್ಟೇಷನ್‌ಗೆ ಎಷ್ಟು ದೂರ, ಬಾಗಿಲು ಯಾವ ದಿಕ್ಕಿಗಿದೆ, ಒಂದನ್ನೂ ಬಿಡುವುದಿಲ್ಲ. ಮಾರ್ಟ್‌ಗೇಜ್ ಬಡ್ಡಿ ಕೂದಲೆಳೆಯಷ್ಟು ಕಡಿಮೆ ಸಿಕ್ಕರೂ ಬ್ಯಾಂಕ್ ಬದಲಾಯಿಸುತ್ತಾರೆ. ಖರೀದಿಯ ಕಾನೂನು ಕೆಲಸ ನೋಡುವ ವಕೀಲರ, ಅಂದರೆ ಸಾಲಿಸಿಟರ್ ವಿಷಯಕ್ಕೆ ಬಂದಾಗ ಮಾತ್ರ ಎಸ್ಟೇಟ್ ಏಜೆಂಟ್ ಹೇಳಿದ ಹೆಸರಿಗೆ ತಲೆಯಾಡಿಸಿಬಿಡುತ್ತಾರೆ. ಆಮೇಲೆ ಆ ಸಾಲಿಸಿಟರ್ ಹತ್ತಿರ ಊರಿನ ಮನೆ, ದುಡ್ಡಿನ ವಿಷಯವನ್ನೆಲ್ಲ ಮುಚ್ಚಿಡುತ್ತಾರೆ. ಇವೆರಡೂ ಸೇರಿದರೆ ಬರುವ ಖರ್ಚಿನ ಮುಂದೆ ಬಡ್ಡಿಯಲ್ಲಿ ಉಳಿಸಿದ್ದು ಏನೂ ಅಲ್ಲ.

ಮೊದಲು ಏಜೆಂಟ್ ವಿಷಯ. ಅವರು ಹೇಳಿದ ಸಾಲಿಸಿಟರ್‌ಗಳೆಲ್ಲ ಕೆಟ್ಟವರು ಅಂತಲ್ಲ. ಆದರೆ ಆ ಶಿಫಾರಸಿಗೆ ಏಜೆಂಟ್‌ಗೆ ಕಮಿಷನ್ ಸಿಗುವುದು ಇಲ್ಲಿ ಮಾಮೂಲು, ಅದಕ್ಕೆ ಕಾನೂನಿನ ಅಡ್ಡಿಯೂ ಇಲ್ಲ. ಏಜೆಂಟ್‌ಗೆ ದುಡ್ಡು ಕೊಡುವವರು ಮಾರುವವರು, ನೀವಲ್ಲ. "ನಮ್ಮವರನ್ನೇ ಇಟ್ಟುಕೊಂಡರೆ ಬೇಗ ಆಗುತ್ತೆ" ಎಂಬ ಮಾತಿಗೆ ಬಗ್ಗಬೇಕಿಲ್ಲ. 2018ರ ಡಿಸೆಂಬರ್‌ನಿಂದ ಸಾಲಿಸಿಟರ್ ಸಂಸ್ಥೆಗಳು ಈ ಕೆಲಸದ ಶುಲ್ಕವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು ಎಂಬ ನಿಯಮವಿದೆ. ಆಫರ್ ಹಾಕುವ ಮುಂಚೆಯೇ ಒಂದಿಬ್ಬರಿಗೆ ಫೋನ್ ಮಾಡಿ. ಫೋನ್ ಎತ್ತುವವರು ಯಾರು, ನಿಮ್ಮ ಫೈಲ್ ನೋಡುವವರು ಯಾರು, ಅವರು ರಜೆ ಹೋದರೆ ಯಾರು, ಇಷ್ಟು ಕೇಳಿದರೂ ಅರ್ಧ ಉತ್ತರ ಸಿಕ್ಕಂತೆ. ನೀವು ಸಾಲ ತೆಗೆಯುವ ಬ್ಯಾಂಕಿನ ಪ್ಯಾನೆಲ್‌ನಲ್ಲಿ, ಅಂದರೆ ಬ್ಯಾಂಕ್ ಒಪ್ಪಿದ ವಕೀಲರ ಪಟ್ಟಿಯಲ್ಲಿ ಅವರಿದ್ದಾರಾ ಅಂತಲೂ ಕೇಳಿ. ಇಲ್ಲದಿದ್ದರೆ ಬ್ಯಾಂಕ್ ತನ್ನ ಪರವಾಗಿ ಬೇರೊಬ್ಬರನ್ನು ಇಡಬಹುದು. ಆ ಖರ್ಚು ನಿಮ್ಮ ತಲೆಗೇ.

ಪ್ಯಾನೆಲ್ ಅಂದರೆ ಬೆಂಗಳೂರಿನಲ್ಲಿ ಹೋಮ್ ಲೋನ್ ಮಾಡಿದವರಿಗೆ ಗೊತ್ತಿರುತ್ತದೆ. ಅಲ್ಲಿ ಬ್ಯಾಂಕಿನ ವಕೀಲರು ಮದರ್ ಡೀಡ್, ಖಾತಾ, ಇಸಿ ಎಲ್ಲ ನೋಡಿ ಬ್ಯಾಂಕಿಗೆ ಒಪಿನಿಯನ್ ಕೊಡುತ್ತಾರೆ. ನಿಮಗೆ ಬೇಕಾದರೆ ನಿಮ್ಮದೇ ವಕೀಲರು. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಒಬ್ಬರೇ ಸಾಲಿಸಿಟರ್ ನಿಮಗೂ ಬ್ಯಾಂಕಿಗೂ ಕೆಲಸ ಮಾಡುತ್ತಾರೆ. ಬ್ಯಾಂಕಿಗೆ ಏನೇನು ತಿಳಿಸಬೇಕು ಅನ್ನುವುದು ಬ್ಯಾಂಕುಗಳ ಸಂಘ ಯುಕೆ ಫೈನಾನ್ಸ್‌ನ ಹ್ಯಾಂಡ್‌ಬುಕ್‌ನಲ್ಲಿ ಬರೆದಿಟ್ಟಿದೆ. ಮಾರುವವರು ಆ ಮನೆ ಕೊಂಡು ಆರು ತಿಂಗಳೂ ಆಗಿಲ್ಲ, ಬೆಲೆಯಲ್ಲಿ ಒಳಗೊಳಗೇ ರಿಯಾಯಿತಿ ಮಾತಾಗಿದೆ, ಡೆಪಾಸಿಟ್ ಅಪ್ಪ ಕೊಟ್ಟಿದ್ದಾರೆ, ಇಂಥವು ಬ್ಯಾಂಕಿಗೆ ಹೋಗುವ ಸಂಗತಿಗಳು. ತಿಳಿಸಬೇಡಿ ಎಂದು ನೀವು ಹಟ ಹಿಡಿದರೆ ಅವರು ಬ್ಯಾಂಕಿನ ಕೆಲಸ ಬಿಟ್ಟು ಹೊರಬರುತ್ತಾರೆ. ನಿಮ್ಮ ಖರೀದಿ ಅಲ್ಲಿಗೇ ನಿಲ್ಲುತ್ತದೆ.

ಈಗ ಊರಿನ ವಿಷಯ. ಇದನ್ನು ಬಿಡಿಸಿ ಹೇಳಲೇಬೇಕು.

ನಮ್ಮಲ್ಲಿ ಎಷ್ಟೋ ಜನರಿಗೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಒಂದು ಫ್ಲ್ಯಾಟ್ ಇರುತ್ತದೆ. "ಇಲ್ಲಿ ನಾನು ಫಸ್ಟ್ ಟೈಮ್ ಬೈಯರ್ ಅಲ್ವಾ?" ಅನ್ನುತ್ತಾರೆ. ಅಲ್ಲ. ಇಲ್ಲಿನ ಸ್ಟ್ಯಾಂಪ್ ಡ್ಯೂಟಿ ನಿಯಮದಲ್ಲಿ ಮನೆ ಪ್ರಪಂಚದಲ್ಲಿ ಎಲ್ಲಿದ್ದರೂ ಲೆಕ್ಕಕ್ಕೆ ಬರುತ್ತದೆ. ಈಗಿನ ದರದಲ್ಲಿ 4,00,000 ಪೌಂಡಿನ ಮನೆಗೆ, ಮೊದಲ ಬಾರಿ ಮನೆ ಕೊಳ್ಳುವವರು ಕಟ್ಟುವುದು 5,000 ಪೌಂಡ್. ಬೇರೆ ಮನೆ ಇದ್ದವರಿಗೆ 5 ಶೇಕಡಾ ಹೆಚ್ಚುವರಿ ಸೇರಿ 30,000 ಪೌಂಡ್ ಆಗುತ್ತದೆ. ಅದೇ ಮನೆ, ಅದೇ ಬೀದಿ, 25,000 ಪೌಂಡ್ ವ್ಯತ್ಯಾಸ! ಫ್ಲ್ಯಾಟ್ ಹೆಂಡತಿಯ ಹೆಸರಿನಲ್ಲಿದೆ, ನನ್ನ ಹೆಸರಿನಲ್ಲಿಲ್ಲ ಎಂಬ ಉಪಾಯವೂ ನಡೆಯದು. ಒಟ್ಟಿಗೆ ಬಾಳುವ ಗಂಡ ಹೆಂಡತಿಯನ್ನು ಹೆಚ್ಚುವರಿ ದರದ ವಿಷಯದಲ್ಲಿ ಒಂದೇ ಎಂದು ನೋಡುತ್ತಾರೆ. ಖಾಲಿ ಸೈಟ್ ಮನೆಯಲ್ಲ, ಅದರ ಕಥೆ ಬೇರೆ. ಊರಿನ ಹಳೇ ಮನೆಯಲ್ಲಿ ಪಾಲಿದೆ, ಭಾಗ ಇನ್ನೂ ಆಗಿಲ್ಲ ಅನ್ನುವವರು ಸಾಲಿಸಿಟರ್ ಹತ್ತಿರ ಕೂತು ಮಾತಾಡಲೇಬೇಕು. ಪಾಲಿನ ಬೆಲೆ 40,000 ಪೌಂಡ್ ದಾಟುತ್ತದಾ, ಅದು ಹೇಗೆ ಬಂದದ್ದು, ಎಲ್ಲವೂ ಲೆಕ್ಕಕ್ಕೆ ಬರುತ್ತದೆ.

"ಅಲ್ಲಿರೋದು ಇಲ್ಲಿ ಯಾರಿಗೆ ಗೊತ್ತಾಗುತ್ತೆ, ಸುಮ್ನಿರಿ" ಎಂದು ಹೇಳಿಕೊಡುವ ಅಣ್ಣಂದಿರೂ ಇದ್ದಾರೆ. ಸ್ಟ್ಯಾಂಪ್ ಡ್ಯೂಟಿ ರಿಟರ್ನ್ ಕಳಿಸುವವರು ಸಾಲಿಸಿಟರ್ ಆದರೂ ಅದರ ಹೊಣೆ ಕೊಳ್ಳುವವರದು. ದಂಡ ಬಂದಾಗ ಆ ಅಣ್ಣ ಫೋನ್ ಎತ್ತುವುದಿಲ್ಲ.

ಇನ್ನು ಡೆಪಾಸಿಟ್ ದುಡ್ಡು. ಅಪ್ಪನ ಎಫ್‌ಡಿ ಮುರಿಸಿ ತಂದದ್ದಾದರೆ ಅಪ್ಪನ ಪಾಸ್‌ಪೋರ್ಟ್, ಬ್ಯಾಂಕ್ ಸ್ಟೇಟ್‌ಮೆಂಟ್, "ಇದು ಸಾಲವಲ್ಲ, ಉಡುಗೊರೆ, ಮನೆಯ ಮೇಲೆ ನನಗೆ ಹಕ್ಕಿಲ್ಲ" ಎಂಬ ಪತ್ರ, ಎಲ್ಲ ಕೇಳುತ್ತಾರೆ. ನನಗೆ ಗೊತ್ತಿರುವ ಒಬ್ಬರು ಇದಕ್ಕೆ ಕೆಂಡಾಮಂಡಲ ಆಗಿದ್ದರು. "ಮೂವತ್ತು ವರ್ಷ ಮೇಷ್ಟ್ರಾಗಿದ್ದವರು, ನಮ್ಮಪ್ಪ ಏನು ಕಳ್ಳನಾ?" ಅಂತ. ಯಾರೂ ಹಾಗೆ ಹೇಳುತ್ತಿಲ್ಲ. ಅಕ್ರಮ ಹಣ ತಡೆಯುವ ನಿಯಮಗಳಿವೆ, ಕೇಳದಿದ್ದರೆ ಸಾಲಿಸಿಟರ್ ಲೈಸೆನ್ಸ್‌ಗೇ ಕುತ್ತು. ಭಾರತದಿಂದ ಅಪ್ಪ ಅಮ್ಮ ಕಳಿಸಬಹುದಾದ ಹಣಕ್ಕೂ ಮಿತಿ ಇದೆ, ಕಳಿಸುವ ಒಬ್ಬೊಬ್ಬರಿಗೆ ವರ್ಷಕ್ಕೆ 2,50,000 ಡಾಲರ್. ಉಡುಗೊರೆಯಾದರೆ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ 20 ಶೇಕಡಾ ಟಿಸಿಎಸ್ (ಹಣ ಕಳಿಸುವಾಗಲೇ ಬ್ಯಾಂಕ್ ವಸೂಲಿ ಮಾಡುವ ತೆರಿಗೆ) ಕತ್ತರಿಸುತ್ತಾರೆ. ಆಮೇಲೆ ಅಪ್ಪನ ತೆರಿಗೆ ಲೆಕ್ಕದಲ್ಲಿ ಅದು ಹೊಂದಾಣಿಕೆಯಾಗುತ್ತದೆ, ನಿಜ. ಆದರೆ ಆ ಹೊತ್ತಿಗೆ ಕೈಯಲ್ಲಿ ಅಷ್ಟು ಹೆಚ್ಚು ಹಣ ಇರಬೇಕಲ್ಲ?

ಸೈಟ್ ಮಾರಿ ದುಡ್ಡು ತರುವವರ ಕಷ್ಟ ಇನ್ನೂ ಜಾಸ್ತಿ. ಸೇಲ್ ಡೀಡ್ ಕನ್ನಡದಲ್ಲಿದ್ದರೆ ಅನುವಾದ ಬೇಕು. ಅದಕ್ಕಿಂತ ದೊಡ್ಡ ತಲೆನೋವು ಬೇರೆ ಇದೆ. ನಮ್ಮೂರಿನಲ್ಲಿ ಡೀಡಿನಲ್ಲಿ ಬರೆಯುವುದು ಒಂದು, ಕೈಗೆ ಬರುವುದು ಇನ್ನೊಂದು. ಡೀಡಿನಲ್ಲಿ ನಲವತ್ತು ಲಕ್ಷ, ಖಾತೆಯಲ್ಲಿ ಎಪ್ಪತ್ತು ಲಕ್ಷ ಕಂಡರೆ ಉಳಿದ ಮೂವತ್ತು ಎಲ್ಲಿಂದ ಬಂತು ಎಂದು ಕೇಳಿಯೇ ಕೇಳುತ್ತಾರೆ. "ಇಂಡಿಯಾದಲ್ಲಿ ಹಾಗೇ" ಎಂಬ ಉತ್ತರ ಫೈಲಿಗೆ ಸೇರುವುದಿಲ್ಲ. ಆಫರ್ ಒಪ್ಪಿಗೆಯಾದ ಮೇಲೆ ಇದೆಲ್ಲ ಹೊರಬಂದರೆ ಎಂಥ ಸಾಲಿಸಿಟರ್ ಇದ್ದರೂ ವಾರಗಟ್ಟಲೆ ಹೋಗುತ್ತದೆ.

ಆ ವಾರಗಳಲ್ಲಿ ನಿಮ್ಮ ಮನೆ ನಿಮ್ಮದಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಆಫರ್ ಒಪ್ಪಿದರೂ ಎಕ್ಸ್‌ಚೇಂಜ್ (ಎರಡೂ ಕಡೆಯವರು ಸಹಿ ಮಾಡಿದ ಕರಾರು ವಿನಿಮಯ) ಆಗುವವರೆಗೆ ಯಾರಿಗೂ ಕಟ್ಟುಪಾಡಿಲ್ಲ. ಇನ್ನೊಬ್ಬರು ಹತ್ತು ಸಾವಿರ ಹೆಚ್ಚು ಅಂದರೆ ಮಾರುವವರು ಆ ಕಡೆ ಹೋಗಬಹುದು. ನಿಮ್ಮ ಸರ್ವೆ (ಮನೆಯ ಸ್ಥಿತಿಯ ತಪಾಸಣೆ) ದುಡ್ಡು, ಸರ್ಚ್ (ಕೌನ್ಸಿಲ್ ಮುಂತಾದ ಕಡೆಯ ದಾಖಲೆ ತಪಾಸಣೆ) ದುಡ್ಡು ಎಲ್ಲ ಹೋಯಿತು. ಹಾಗಾಗಿ ನಿಮ್ಮ ಕಡೆಯಿಂದ ಒಂದು ದಿನವೂ ತಡ ಆಗಬಾರದು. ಉಳಿದ ತಡ ನಿಮ್ಮ ಕೈಯಲ್ಲಿಲ್ಲ. ಕೌನ್ಸಿಲ್ ಸರ್ಚ್ ಬರಬೇಕು, ಮಾರುವವರಿಗೆ ತಾವು ಕೊಳ್ಳುವ ಮನೆ ಸಿಗಬೇಕು, ಆ ಮನೆಯವರಿಗೂ ಇನ್ನೊಂದು ಸಿಗಬೇಕು. ಈ ಚೈನ್‌ನಲ್ಲಿ ಎಲ್ಲೋ ಸಿಕ್ಕಿಕೊಂಡದ್ದಕ್ಕೆ ಸಾಲಿಸಿಟರ್‌ಗೆ ದಿನಾ ಫೋನ್ ಮಾಡಿ ಬೈಯುವುದರಲ್ಲಿ ಅರ್ಥವಿಲ್ಲ. ವಾರಕ್ಕೊಂದು ಇಮೇಲ್, ಅದರಲ್ಲಿ ಎರಡು ಮೂರು ಸ್ಪಷ್ಟ ಪ್ರಶ್ನೆ. ಅದಕ್ಕೆ ಉತ್ತರ ಬರುತ್ತದೆ.

ಸಾಲಿಸಿಟರ್ ನಿಮ್ಮ ಮನೆಯನ್ನು ನೋಡಿರುವುದಿಲ್ಲ ಎಂಬುದೂ ನೆನಪಿರಲಿ. ಅವರ ಮುಂದೆ ಇರುವುದು ಕಾಗದ. ಹಿಂದುಗಡೆ ಎಕ್ಸ್‌ಟೆನ್ಷನ್ ಇದೆ, ಬೇಲಿ ಪ್ಲ್ಯಾನ್‌ನಲ್ಲಿ ಇರುವ ಜಾಗದಲ್ಲಿಲ್ಲ, ಪಕ್ಕದವರ ಕಾರ್ ನಮ್ಮ ಡ್ರೈವ್ ಮೇಲೇ ಹಾದುಹೋಗುತ್ತದೆ, ಇದನ್ನೆಲ್ಲ ನೋಡಿದವರು ನೀವು, ಹೇಳಬೇಕಾದವರೂ ನೀವು. ಬ್ಯಾಂಕಿನ ವ್ಯಾಲ್ಯುಯೇಷನ್ ಬ್ಯಾಂಕಿಗೆ, ಗೋಡೆಯ ತೇವಕ್ಕೆ ಬೇರೆ ಸರ್ವೆ ಮಾಡಿಸಬೇಕು. ಫ್ಲ್ಯಾಟ್ ಆದರೆ ಇಲ್ಲಿ ಸಾಮಾನ್ಯವಾಗಿ ಇಷ್ಟು ವರ್ಷ ಎಂಬ ಲೀಸ್ ಮೇಲೆ ಕೊಳ್ಳುವುದು, ಅದು ಇನ್ನೆಷ್ಟು ವರ್ಷ ಉಳಿದಿದೆ ಎಂದು ಮೊದಲ ದಿನವೇ ಕೇಳಿ. 80ಕ್ಕಿಂತ ಕಡಿಮೆಯಾದರೆ ಮುಂದೆ ಅದನ್ನು ಹೆಚ್ಚಿಸಿಕೊಳ್ಳುವುದು ದುಬಾರಿ.

ಕೊನೆಗೆ ಹಣ ಕಳಿಸುವ ಹೊತ್ತು. "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಎಂದು ಸಾಲಿಸಿಟರ್ ಹೆಸರಿನಲ್ಲಿ ಇಮೇಲ್ ಬಂದರೆ ನಂಬಬೇಡಿ. ಮೊದಲ ಭೇಟಿಯಲ್ಲೇ ಖಾತೆ ನಂಬರ್ ಬರೆದುಕೊಂಡಿರಿ. ಆಗ ಕೊಟ್ಟ ಫೋನ್ ನಂಬರಿಗೇ ಕರೆ ಮಾಡಿ, ಒಂದೊಂದು ಅಂಕಿ ಓದಿ ಹೇಳಿಸಿಕೊಂಡು, ಆಮೇಲೆ ಕಳಿಸಿ.

ಸ್ಕಾಟ್ಲೆಂಡಿನ ಪದ್ಧತಿ ಪೂರಾ ಬೇರೆ, ಅಲ್ಲಿ ಆಫರ್ ಕಳಿಸುವುದೇ ಸಾಲಿಸಿಟರ್ ಮೂಲಕ. ಗ್ಲಾಸ್ಗೋ, ಎಡಿನ್‌ಬರಾ ಕಡೆ ಕೊಂಡವರು ಯಾರಾದರೂ ಇದ್ದರೆ ಕೆಳಗೆ ಬರೆಯಿರಿ.