ಸ್ಟೇಷನ್ ಹತ್ತೇ ನಿಮಿಷ, ರೈಲು ದೇವರಿಚ್ಛೆ

ಕಲಬುರಗಿಯಲ್ಲಿ ಈಗ ಪ್ಲಾಟಿನ ಜಾಹೀರಾತು ಬಾರದ ಮೊಬೈಲ್ ಇದ್ದರೆ ಅದು ರಿಪೇರಿಗೆ ಹೋಗಿರಬೇಕು. ಈ ವಾರ ಬಂದದ್ದನ್ನು ನೀವೂ ನೋಡಿರುತ್ತೀರಿ. "ರೈಲ್ವೆ ಸ್ಟೇಷನ್ನಿಂದ ಕೇವಲ 10 ನಿಮಿಷ" ಅಂತ ಕೆಂಪಕ್ಷರ. ಮೇಲೊಂದು ಚಿತ್ರ. ಚೂಪು ಮೂತಿಯ ರೈಲು, ಹಿಂದೆ ಗಾಜಿನ ಕಟ್ಟಡ, ಮುಂದೆ ನಾಯಿ ಹಿಡಿದು ಓಡುತ್ತಿರುವ ಪರದೇಶದ ಗಂಡ ಹೆಂಡತಿ. ನಮ್ಮ ಮೇ ತಿಂಗಳ 43 ಡಿಗ್ರಿಯಲ್ಲಿ ಆ ನಾಯಿ ಓಡುವುದಿರಲಿ, ನೀರಿನ ಟ್ಯಾಂಕಿನ ನೆರಳು ಬಿಟ್ಟು ಏಳುವುದೂ ಇಲ್ಲ.

ಚಿತ್ರ ಬಿಟ್ಟು ಜಾಗ ನೋಡಲು ಹೋದರೆ ಮೊದಲು ಸಿಗುವುದು ಕಮಾನು. ಕಮಾನು ಮಾತ್ರ ಭರ್ಜರಿ, ಎರಡು ಆನೆ ಒಟ್ಟಿಗೆ ಹೋಗಬಹುದು. ಒಳಗೆ ಎರೆ ಹೊಲ. ಹೋದ ವರ್ಷದ ತೊಗರಿ ಕೂಳೆ ಇನ್ನೂ ಚಪ್ಪಲಿಯ ಅಂಚು ದಾಟಿ ಕಾಲಿಗೆ ಚುಚ್ಚುತ್ತದೆ. ಸುಣ್ಣ ಬಳಿದ ಕಲ್ಲುಗಳು, ಕಲ್ಲಿನ ಮೇಲೆ ನಂಬರು. 41ನೇ ನಂಬರಿನ ಕಲ್ಲಿಗೆ ಯಾರೋ ಆಡು ಕಟ್ಟಿದ್ದರು. ಸದ್ಯಕ್ಕೆ ಇಡೀ ಲೇಔಟಿನಲ್ಲಿ ಕಾಯಂ ವಾಸ ಇರುವುದು ಅದೊಂದೇ.

ಇನ್ನು ಆ ಹತ್ತು ನಿಮಿಷ. ಅದನ್ನು ಯಾರು ಅಳೆದರು ಅಂತ ನನಗೆ ಬಹಳ ಕುತೂಹಲ. ಬೆಳಗಿನ ಜಾವ ನಾಲ್ಕಕ್ಕೆ, ಹೆಲ್ಮೆಟ್ ಇಲ್ಲದೆ, ಹೆಂಡತಿಯೂ ಹಿಂದೆ ಇಲ್ಲದೆ ಬೈಕ್ ಓಡಿಸಿದವನೇ ಇರಬೇಕು. ಹಗಲಾದರೆ ಎಸ್‌ವಿಪಿ ಸರ್ಕಲ್ಲಿನಲ್ಲಿ ಟಂಟಂ ಆಟೋದವರು ಸವಾರಿಗಾಗಿ ಅಡ್ಡ ನಿಂತಿರುತ್ತಾರೆ, ಹತ್ತು ನಿಮಿಷ ಅಲ್ಲೇ ಹೋಗುತ್ತದೆ. ಮಳೆ ಬಂದರೆ ಅಂಡರ್‌ಬ್ರಿಜ್ಜಿನಲ್ಲಿ ನೀರು. ಆಗ ಸ್ಟೇಷನ್ನು ಕಣ್ಣಿಗೆ ಕಾಣುತ್ತದೆ, ಕಾಲಿಗೆ ಸಿಗುವುದಿಲ್ಲ.

ಆದರೂ ನಾನು ಈ ಜಾಹೀರಾತನ್ನು ಗಂಭೀರವಾಗಿ ತೆಗೆದುಕೊಂಡೆ. ರೈಲಿನ ಹತ್ತಿರ ಮನೆ ಕೊಳ್ಳುವವರು ಏನೇನು ನೋಡಬೇಕು ಅಂತ ದೊಡ್ಡ ಊರಿನ ಪಂಡಿತರು ಬರೆದಿಟ್ಟಿದ್ದಾರೆ. ಎಷ್ಟು ನಿಮಿಷಕ್ಕೊಂದು ರೈಲು, ಮೊದಲ ರೈಲು ಎಷ್ಟಕ್ಕೆ, ಕೊನೆಯದು ಎಷ್ಟಕ್ಕೆ, ಒಂದು ತಪ್ಪಿದರೆ ಇನ್ನೊಂದು ಲೈನ್ ಇದೆಯಾ, ಹೋಲಿಸಿ ನೋಡಿ ಅನ್ನುತ್ತಾರೆ. ಒಳ್ಳೆಯ ಮಾತೇ. ಅವರ ಬೆಂಗಳೂರಿನಲ್ಲೇ 148 ಕಿಲೋಮೀಟರ್ ಉಪನಗರ ರೈಲಿಗೆ 2020ರಲ್ಲಿ ಒಪ್ಪಿಗೆ ಸಿಕ್ಕಿತು. 2022ರ ಜೂನಿನಲ್ಲಿ ಪ್ರಧಾನಿ ಬಂದು ಅಡಿಗಲ್ಲು ಹಾಕಿ 40 ತಿಂಗಳು ಅಂದರು. 2025ರ ಅಕ್ಟೋಬರಿಗೆ 40 ತಿಂಗಳು ಮುಗಿಯಿತು. ಒಂದು ಡಬ್ಬಿಯೂ ಓಡಲಿಲ್ಲ. ಅದನ್ನು ನಂಬಿ ಫ್ಲ್ಯಾಟ್ ಕೊಂಡವರ ಕಂತು ಮಾತ್ರ ಒಂದು ತಿಂಗಳೂ ತಪ್ಪದೆ ಓಡುತ್ತಿದೆ. ರಾಜಧಾನಿಯ ಪಾಡೇ ಹೀಗಿರುವಾಗ ನಮ್ಮದೇನು, ಅಲ್ವಾ?

ಇರಲಿ. ಹೋಲಿಸೋಣ.

ಮೊದಲು ಬೀದರ್ ಕಡೆ. ಕಲಬುರಗಿ–ಬೀದರ್ ಲೈನು 110 ಕಿಲೋಮೀಟರ್. ಮಂಜೂರಾಗಿ ಎರಡು ದಶಕ ಆದ ಮೇಲೆ, 2017ರ ಅಕ್ಟೋಬರ್ 29ಕ್ಕೆ ಉದ್ಘಾಟನೆ. ಲೆಕ್ಕ ಹಾಕಿದರೆ ವರ್ಷಕ್ಕೆ ಐದೂವರೆ ಕಿಲೋಮೀಟರ್. ಬಸವನಹುಳು ನಡುವೆ ಹುಮನಾಬಾದಿನಲ್ಲಿ ಊಟಕ್ಕೆ ನಿಂತಿದ್ದರೂ ಗೆಲ್ಲುತ್ತಿತ್ತು. ಈಗ ಲೈನು ಇದೆ, ಸ್ಟೇಷನ್ನುಗಳಿವೆ, ಸುರಂಗ ಕೂಡ ಇದೆ. ರೈಲು ಬೆರಳೆಣಿಕೆ. ಎಷ್ಟು ನಿಮಿಷಕ್ಕೊಂದು ಅಂತ ಕೇಳುವ ಪಂಡಿತರನ್ನು ಕಮಲಾಪುರ ಸ್ಟೇಷನ್ನಿನಲ್ಲಿ ಒಂದು ಮಧ್ಯಾಹ್ನ ಕೂರಿಸಬೇಕು. ನಿಮಿಷ ಅನ್ನುವುದು ಮರೆತು ತಾಸಿನ ಲೆಕ್ಕಕ್ಕೆ ಬರುತ್ತಾರೆ.

ಎರಡನೆಯದು ಶಹಾಬಾದ್, ವಾಡಿ ಕಡೆ. ಇಲ್ಲಿ ರೈಲಿಗೆ ಬರ ಇಲ್ಲ, ಮುಂಬೈ–ಚೆನ್ನೈ ಮುಖ್ಯ ಹಳಿ ಇದು. ಆದರೆ ಅವೆಲ್ಲ ದೂರದ ರೈಲು. ಐನೂರು ಕಿಲೋಮೀಟರಿಗೂ ಜಾಸ್ತಿ ಓಡಿ ಬಂದ ಮುಂಬೈ ರೈಲು, ಆಗ್ರಾದ ಮಂಜಿನಲ್ಲಿ ಸಿಕ್ಕಿಬಿದ್ದು ಬಂದ ದಿಲ್ಲಿ ರೈಲು. ವಾಡಿಗೆ ಅಪ್‌ಡೌನ್ ಮಾಡುವ ಮೇಷ್ಟ್ರುಗಳಿಗೆ ಡಿಸೆಂಬರಿನಲ್ಲಿ ಉತ್ತರ ಭಾರತದ ಹವಾಮಾನ ಬಾಯಿಪಾಠ. ರಾತ್ರಿ ಬರಬೇಕಾದ ರೈಲು ಎಂಟು ತಾಸು ತಡವಾಗಿ ಬೆಳಿಗ್ಗೆ ಬಂದರೆ, ಅದೇ ಅವತ್ತಿನ ಲೋಕಲ್ ರೈಲು. ಒಳಗೆ ನಿನ್ನೆಯ ಪೂರಿಯ ವಾಸನೆ, ಬಾಗಿಲಲ್ಲಿ ಮಲಗಿದವನ ಕಾಲು. ಮೇಷ್ಟ್ರು ಟಿಫಿನ್ ಡಬ್ಬಿಯನ್ನು ಎದೆಗೆ ಅವುಚಿಕೊಂಡು ಒಂದೇ ಕಾಲಲ್ಲಿ ನಿಂತಿರುತ್ತಾರೆ. ಪಂಡಿತರು ಇದನ್ನೂ ಕೋಷ್ಟಕದಲ್ಲಿ ಸೇರಿಸಲಿ: ಕಾಲಿಡಲು ಸಿಗುವ ಜಾಗ, ಇಂಚಿನ ಲೆಕ್ಕದಲ್ಲಿ.

ಪಾಸ್ ಮಾತ್ರ ಅಗ್ಗ, ಸುಳ್ಳು ಹೇಳಬಾರದು. 150 ಕಿಲೋಮೀಟರಿನವರೆಗೆ ತಿಂಗಳ ಪಾಸ್ ಕೊಡುತ್ತಾರೆ. ಬೀದರ್, ಸೊಲ್ಲಾಪುರ, ಯಾದಗಿರಿ ಎಲ್ಲ ಅದರೊಳಗೇ ಬರುತ್ತವೆ. ಪಾಸಿಗೆ ತಕ್ಕ ರೈಲು ಕೊಡುವುದು ಬೇರೆ ಇಲಾಖೆಯ ಕೆಲಸ ಇರಬೇಕು. 2024ರ ಮಾರ್ಚಿನಲ್ಲಿ ನಮ್ಮಲ್ಲಿಂದ ಬೆಂಗಳೂರಿಗೆ ವಂದೇ ಭಾರತ್ ಬಂತು, ಬ್ಯಾಂಡು ಬಾರಿಸಿ ಹಾರ ಹಾಕಿದೆವು. ಚೆಂದದ ರೈಲು. ಅದರಲ್ಲಿ ಜನರಲ್ ಡಬ್ಬಿ ಇಲ್ಲ. ಪಾಸಿನವರು ಪ್ಲಾಟ್‌ಫಾರ್ಮಿನಲ್ಲಿ ನಿಂತು ಸೆಲ್ಫಿ ತೆಗೆದುಕೊಳ್ಳಬಹುದು.

ಮೂರನೆಯದು ಸೊಲ್ಲಾಪುರ ಕಡೆ. ಇಲ್ಲಿ ಸ್ವಲ್ಪ ನಿಂತು ರೈಲ್ವೆಯವರನ್ನು ಹೊಗಳಬೇಕು. ಈ ದಾರಿಯಲ್ಲಿ ಗಾಣಗಾಪುರ ರೋಡ್ ಅಂತ ಸ್ಟೇಷನ್ ಇದೆ. ದತ್ತನ ದರ್ಶನಕ್ಕೆ ಮೊದಲ ಸಲ ಬಂದವರು ಇಳಿದು, ಗುಡಿ ಎಲ್ಲಿ ಅಂತ ಕತ್ತು ಎತ್ತಿ ನೋಡುತ್ತಾರೆ. ಗುಡಿ ಸುಮಾರು 20 ಕಿಲೋಮೀಟರ್ ಆಚೆ. ಮುಂದೆ ಅಕ್ಕಲಕೋಟ ರೋಡ್, ಅಲ್ಲೂ ಊರು ದೂರ. ಸೇಡಂ ಕಡೆ ಹೋದರೆ ಮಳಖೇಡ ರೋಡ್. ರಾಷ್ಟ್ರಕೂಟರ ರಾಜಧಾನಿ ಅದು, ನೃಪತುಂಗ ಕೂತು ಆಳಿದ ಊರು. ನೃಪತುಂಗ ಈಗ ಬಂದರೂ ರೋಡಿನಲ್ಲಿ ಇಳಿದು ಟಂಟಂ ಹಿಡಿಯಬೇಕು, ಡ್ರೈವರ್ ಬಾಜು ಅರ್ಧ ಸೀಟು ಸಿಕ್ಕರೆ ಅವನ ಪುಣ್ಯ. ಆದರೆ ನೋಡಿ, ಬ್ರಿಟಿಷರ ಕಾಲದ ರೈಲ್ವೆಯವರಿಗೆ ಎಷ್ಟು ಪ್ರಾಮಾಣಿಕತೆ! ಊರು ಇಲ್ಲಿಲ್ಲ, ಊರಿಗೆ ರಸ್ತೆ ಇದೆ ಅಂತ ಬೋರ್ಡಿನ ಮೇಲೆಯೇ ಬರೆದರು. ನಮ್ಮ ಲೇಔಟಿನವರು ಇದನ್ನು ಕಲಿತರೆ ಎಷ್ಟು ಚೆನ್ನ. "ಶ್ರೀ ಸಾಯಿ ಗ್ರೀನ್ ಸಿಟಿ ರೋಡ್" ಅಂತ ಬರೆಯಲಿ. ಸಿಟಿ ಯಾವಾಗ ಬರುತ್ತದೋ, ರೋಡಾದರೂ ಇರಲಿ. ಈ ಹೆಸರು ನಾನೇ ಕಟ್ಟಿದ್ದು. ಹೊಂದಿಕೆ ಆದರೆ ಅದು ನಮ್ಮ ಜಿಲ್ಲೆಯ ಕಲ್ಪನಾಶಕ್ತಿಯ ದೋಷ.

ರೈಲು ಯಾಕೆ ಹೆಚ್ಚಾಗುವುದಿಲ್ಲ ಅಂತ ಕೇಳಿದರೆ ಮೊದಲು ಯಾರನ್ನು ಕೇಳಬೇಕು ಅನ್ನುವುದೇ ಒಂದು ಪ್ರವಾಸ. ಕಲಬುರಗಿ ಸೇರುವುದು ಸೊಲ್ಲಾಪುರದ ರೈಲ್ವೆ ಡಿವಿಜನ್ನಿಗೆ, ಅಂದರೆ ಅಲ್ಲಿನ ವಿಭಾಗದ ಆಫೀಸಿಗೆ. ಬೀದರ್ ಸಿಕಂದರಾಬಾದಿಗೆ. ಯಾದಗಿರಿಯನ್ನು ದಶಕಗಟ್ಟಲೆ ನೋಡಿಕೊಂಡದ್ದು ಗುಂತಕಲ್. ಮೂರು ಜಿಲ್ಲೆ, ಮೂರು ರಾಜ್ಯದ ಮೂರು ಆಫೀಸು, ಒಂದೂ ಕರ್ನಾಟಕದಲ್ಲಿಲ್ಲ. ಬೆಳಗಿನ ಪ್ಯಾಸೆಂಜರನ್ನು ಅರ್ಧ ತಾಸು ಹಿಂದೆ ಮುಂದೆ ಮಾಡಿ ಅಂತ ಅರ್ಜಿ ಕೊಡಬೇಕಾದರೆ ಮರಾಠಿ, ತೆಲುಗು, ಹಿಂದಿ ಮೂರೂ ಬರಬೇಕು. ಈ ಅರ್ಜಿ ಕೊಡಲು ಹೋಗುವುದಕ್ಕಾದರೂ ರೈಲು ಬೇಕಲ್ಲ.

ಇಲ್ಲಿಯದೇ ಡಿವಿಜನ್ ಮಾಡಿ ಅಂತ ಸರೀನ್ ಸಮಿತಿ ಹೇಳಿದ್ದು 1984ರಲ್ಲಿ. ಖರ್ಗೆಯವರು ರೈಲ್ವೆ ಮಂತ್ರಿಯಾಗಿದ್ದ 2013–14ರ ಹೊತ್ತಿಗೆ ಘೋಷಣೆಯೂ ಆಯಿತು, ಪಟಾಕಿಯೂ ಹಾರಿತು. ಆಮೇಲೆ ಸರ್ಕಾರ ಬದಲಾಯಿತು, ಫೈಲು ಮಲಗಿತು. ಜಮ್ಮುವಿಗೆ 2025ರ ಜನವರಿಯಲ್ಲಿ ಹೊಸ ಡಿವಿಜನ್ ಬಂತು. ಬರಲಿ, ಸಂತೋಷ, ಅವರಿಗೂ ಬೇಕು. ನಮಗೆ ಪ್ರತಿ ಚುನಾವಣೆಗೆ ಭರವಸೆ ಬರುತ್ತದೆ, ಅದೂ ಸರಿಯಾದ ಟೈಮಿಗೆ. ಈ ಭಾಗದಲ್ಲಿ ಒಂದು ನಿಮಿಷವೂ ತಡ ಮಾಡದೆ ಬರುವುದು ಅದೊಂದೇ.

ತಮಾಷೆ ಸಾಕು ಅನ್ನಿಸುತ್ತದೆ ಒಮ್ಮೊಮ್ಮೆ. ದೀಪಾವಳಿ ಮುಗಿದ ವಾರ ಯಾದಗಿರಿ ಸ್ಟೇಷನ್ನಿಗೆ ಹೋಗಿ ನೋಡಿ. ಗುಳೆ ಹೊರಟವರು ಪ್ಲಾಟ್‌ಫಾರ್ಮಿನ ತುಂಬ ಕೂತಿರುತ್ತಾರೆ. ರೊಟ್ಟಿಯ ಗಂಟು, ಹಿಂಡಿಯ ಡಬ್ಬಿ, ಪ್ಲಾಸ್ಟಿಕ್ ಕೊಡ, ಹಾಸಿಗೆಯ ಸುರುಳಿ, ಬಗಲಲ್ಲಿ ಶಾಲೆ ಬಿಟ್ಟ ಹುಡುಗಿ. ಬೆಂಗಳೂರಿಗೋ ಪುಣೆಗೋ ಮುಂಬೈಗೋ. ಜನರಲ್ ಡಬ್ಬಿ ಎರಡೋ ಮೂರೋ ಇರುತ್ತದೆ, ಮೂವತ್ತು ಡಬ್ಬಿಯ ಜನ ಇರುತ್ತಾರೆ. ರೈಲು ನಿಲ್ಲುವ ಎರಡು ನಿಮಿಷದಲ್ಲಿ ಮಕ್ಕಳನ್ನು ಕಿಟಕಿಯಿಂದ ಒಳಗೆ ಹಾಕುತ್ತಾರೆ. ಬೆಂಗಳೂರಿಗೆ ಹೋಗಿ ಇದೇ ಜನ ಯಾರಿಗೋ ಮೆಟ್ರೋ ಪಕ್ಕದ ಅಪಾರ್ಟ್‌ಮೆಂಟ್ ಕಟ್ಟುತ್ತಾರೆ. 1871ರಲ್ಲಿ ಮುಂಬೈ ಹಳಿಯೂ ಮದ್ರಾಸ್ ಹಳಿಯೂ ರಾಯಚೂರಿನಲ್ಲಿ ಕೂಡಿದವು. ಅಂದಿನಿಂದ ಹಳಿ ನಮ್ಮ ಮನೆ ಮುಂದೆಯೇ ಇದೆ. ನೂರೈವತ್ತು ವರ್ಷ ಆದ ಮೇಲೂ ಅದು ನಮ್ಮವರನ್ನು ಊರು ಬಿಡಿಸುವುದಕ್ಕೇ ಜಾಸ್ತಿ ಉಪಯೋಗ ಆಗುತ್ತಿದೆ. ಇದನ್ನು ಯಾವ ಬ್ರೋಷರಿನಲ್ಲೂ ಹಾಕುವುದಿಲ್ಲ.

ಹೋಗಲಿ, ಸದ್ಯ ಪ್ಲಾಟಿಗೆ ಒಳ್ಳೆಯ ಜಾಗ ಯಾವುದು ಅಂತ ಕೇಳಿದರೆ ನಾನು ಶಹಾಪುರ, ಸುರಪುರ ಕಡೆ ಕೈ ತೋರಿಸುತ್ತೇನೆ. ಗದಗ–ವಾಡಿ ಹೊಸ ಲೈನು, 252 ಕಿಲೋಮೀಟರ್, ಆ ಕಡೆಯೇ ಬರಬೇಕು. ಗದಗಿನ ಬಾಜೂನಿಂದ ಕುಷ್ಟಗಿವರೆಗೆ 2025ರಲ್ಲಿ ರೈಲು ಬಂದಿದೆ. ಇನ್ನು ಕೃಷ್ಣೆ ದಾಟಬೇಕು, ಅಷ್ಟೇ. ರೈಲು ಕೃಷ್ಣೆ ದಾಟುವ ಮುಂಚೆ ರೇಟು ದಾಟಿಬಿಟ್ಟಿದೆ. ನಮ್ಮ ಕಾಕಾ ಒಬ್ಬರು ರಿಟೈರಾದ ದುಡ್ಡು ಹಿಡಿದು ಆ ಕಡೆ ಪ್ಲಾಟ್ ನೋಡಲು ಹೋಗಿದ್ದರು. ಬ್ರೋಕರ್ ಹುಡುಗ ಬಿಸಿಲಲ್ಲಿ ನಿಂತು ಕೈ ಚಾಚಿ ಮೂರು ದಿಕ್ಕು ತೋರಿಸಿದ.

"ತಮ್ಮಾ, ಸ್ಟೇಷನ್ ಖರೇನ ಎಲ್ಲಿ ಬರ್ತದ?" ಅಂತ ಕಾಕಾ ಕೇಳಿದರು.

"ಕಾಕಾ, ನೀವು ಮೊದಲ ಬಯಾನಾ ರೊಕ್ಕ ಕೊಡ್ರಿ. ನಿಮ್ಮ ಪ್ಲಾಟ್ ಯಾ ಕಡಿ ಅದ ನೋಡಿ ಸ್ಟೇಷನ್ ಹೇಳ್ತೀನ್ರಿ."