ಸತ್ಯಾಂಶ: ಉಕ್ಕುವುದು ನೊರೆ, ವಿಷವಲ್ಲ

ಕೋಲಾ ಕುಡಿದು ಪೆಪ್ಪರ್‌ಮಿಂಟ್ ತಿಂದರೆ ಹೊಟ್ಟೆಯಲ್ಲಿ ಸಯನೈಡ್ ಆಗುತ್ತದೆ ಎಂಬ ಮೆಸೇಜ್ ಆಗಾಗ ಬರುತ್ತಲೇ ಇರುತ್ತದೆ. ಅದು ನಿಜವಲ್ಲ. ಕೋಲಾ ಬಾಟಲಿಗೆ ಪೆಪ್ಪರ್‌ಮಿಂಟ್ ಹಾಕಿದಾಗ ನೊರೆ ಚಿಮ್ಮುವ ವಿಡಿಯೊ ನೋಡಿದರೆ ಯಾರಿಗಾದರೂ ಗಾಬರಿ ಆಗುತ್ತದೆ, ಬಿಡಿ. ಆದರೆ ಅಲ್ಲಿ ಹೊಸ ವಿಷವೇನೂ ಹುಟ್ಟುವುದಿಲ್ಲ. ಪಾನೀಯದಲ್ಲಿ ಒತ್ತಡ ಹಾಕಿ ಕರಗಿಸಿದ ಕಾರ್ಬನ್ ಡೈಆಕ್ಸೈಡ್ ಇರುತ್ತದೆ. ಮಿಠಾಯಿಯ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳಿರುತ್ತವೆ. ಗುಳ್ಳೆ ಕಟ್ಟಲು ಅನಿಲಕ್ಕೆ ಅಷ್ಟು ಆಸರೆ ಸಾಕು, ಒಮ್ಮೆಲೇ ಹೊರಗೆ ನುಗ್ಗುತ್ತದೆ.

ನೀವೇ ನೋಡಿ: ಲೋಟದಲ್ಲಿರುವ ಸೋಡಾಕ್ಕೆ ಚಿಟಿಕೆ ಉಪ್ಪು ಹಾಕಿದರೂ ನೊರೆ ಏಳುತ್ತದೆ. ಉಪ್ಪಿನಿಂದ ಸಯನೈಡ್ ಆಗುವುದಿಲ್ಲ, ಅಲ್ವಾ? ಕುಡಿದಾಗ ಒಳಗೆ ಹೋದ ಗ್ಯಾಸ್ ಜಾಸ್ತಿಯಾದರೆ ತೇಗು ಬರುತ್ತದೆ, ಅಷ್ಟೇ.

ಮೆಸೇಜಿನಲ್ಲಿ ದಿನಾಂಕ, ಊರು ಇದೆಯೇ ಗಮನಿಸಿ. ಅದರ ಒಂದು ಸಾಲನ್ನು ಇಂಟರ್ನೆಟ್‌ನಲ್ಲಿ ಹುಡುಕಿದರೆ, ಇದೇ ಕಥೆ ವರ್ಷಗಳಿಂದ ಸುತ್ತುತ್ತಿರುವುದು ಗೊತ್ತಾಗುತ್ತದೆ.