ಮುದ್ದು ಕೋನಕ್ಕೆ ಹುಟ್ಟುಹಬ್ಬದ ಶುಭಾಶಯಗಳು

ನಮ್ಮ ಬಡಾವಣೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಮೊನ್ನೆ ದೊಡ್ಡ ಯುದ್ಧವೇ ನಡೆಯಿತು. ಬೋರ್‌ವೆಲ್ ಮೋಟಾರು ಸುಟ್ಟುಹೋಗಿ ಯಾರ ಮನೆಯಲ್ಲೂ ನೀರಿರಲಿಲ್ಲ. ಸಂಘದ ಕಾರ್ಯದರ್ಶಿಗಳು ‘ಭರವಸೆ ಕಳೆದುಕೊಳ್ಳಬೇಡಿ, ಸಂಜೆಯೊಳಗೆ ಟ್ಯಾಂಕರ್ ಬರುತ್ತದೆ’ ಎಂದು ಇಂಗ್ಲಿಷಿನಲ್ಲಿ ಸಂದೇಶ ಹಾಕಿದರು. ಇಂಗ್ಲಿಷಿನಲ್ಲಿ ಕಳೆದುಕೊಳ್ಳುವುದಕ್ಕೆ ಒಂದೇ ‘ಓ’. ಕಾರ್ಯದರ್ಶಿಗಳು ಧಾರಾಳಿಗಳು, ಎರಡು ಹಾಕಿದ್ದರು. ಎರಡು ಹಾಕಿದರೆ ಭರವಸೆ ಕಳೆದುಹೋಗುವುದಿಲ್ಲ, ಸಡಿಲವಾಗುತ್ತದೆ. ಮೂರನೇ ಅಡ್ಡರಸ್ತೆಯ ನಿವೃತ್ತ ಅಧಿಕಾರಿಗಳು ಕೂಡಲೇ ತಿದ್ದಿದರು. ಇನ್ನೊಬ್ಬರು ನಿಘಂಟಿನ ಪುಟದ ಫೋಟೊ ಹಾಕಿದರು. ತಿದ್ದಿದವರ ವಾಕ್ಯದಲ್ಲೇ ಅಪಾಸ್ಟ್ರಫಿ ತಪ್ಪಿದೆಯೆಂದು ಒಬ್ಬ ಮೇಡಂ ತೋರಿಸಿಕೊಟ್ಟರು. ಕಾರ್ಯದರ್ಶಿಗಳು ಮನನೊಂದು ಗುಂಪಿನಿಂದ ಹೊರಬಿದ್ದರು. ಟ್ಯಾಂಕರಿನವನ ಫೋನ್ ನಂಬರ್ ಅವರೊಬ್ಬರ ಬಳಿ ಮಾತ್ರ ಇತ್ತು.

ಕಾಗುಣಿತದ ಈ ಕಾವಲುಗಾರರನ್ನು ನಾನು ಮನಸಾರೆ ಮೆಚ್ಚುತ್ತೇನೆ. ಮನೆಗೆ ಬೆಂಕಿ ಬಿದ್ದಿದೆ ಎಂದು ಯಾರಾದರೂ ಬರೆದರೂ ಇವರ ಕಣ್ಣು ಮೊದಲು ಬೀಳುವುದು ‘ದೇರ್’ ಮೇಲೆ. ಇದು ಅಲ್ಲಿಯ ದೇರೋ, ಅವರ ದೇರೋ, ಅಥವಾ ನಡುವೆ ಕೊಂಬು ಮೂಡಿದ ಮೂರನೆಯ ದೇರೋ? ನಮ್ಮ ಬಾಯಲ್ಲಿ ಮೂರೂ ಒಂದೇ. ಬರೆಯುವಾಗ ಮಾತ್ರ ಮೂವರೂ ಬೇರೆ ಬೇರೆ ಮನೆಯವರು. ವಾದದಲ್ಲಿ ಸೋಲುತ್ತಿರುವವನಿಗಂತೂ ಎದುರಾಳಿಯ ಸ್ಪೆಲಿಂಗ್ ತಪ್ಪಿಗಿಂತ ದೊಡ್ಡ ವರವಿಲ್ಲ. ಬಜೆಟ್, ಮೀಸಲಾತಿ, ಕ್ರಿಕೆಟ್ ತಂಡದ ಆಯ್ಕೆ, ಯಾವುದರ ಬಗ್ಗೆ ಅವನು ಎಷ್ಟೇ ಸರಿಯಾಗಿ ಹೇಳಿರಲಿ, ‘ಮೊದಲು ಇಂಗ್ಲಿಷ್ ಕಲಿತು ಬಾ’ ಎಂದರೆ ಮುಗಿಯಿತು. ಅಂಕಿಅಂಶ ಹುಡುಕುವ ಶ್ರಮವೂ ಉಳಿಯಿತು.

ಹಾಗೆಂದು ಈ ತಪ್ಪುಗಳು ನಗು ತರಿಸುವುದಿಲ್ಲವೆಂದು ಹೇಳಲಾರೆ. ಮಗಳ ಹುಟ್ಟುಹಬ್ಬಕ್ಕೆ ಅಪ್ಪ ಪ್ರೀತಿಯಿಂದ ಫ್ಲೆಕ್ಸ್ ಮಾಡಿಸುತ್ತಾನೆ. ‘ಏಂಜಲ್’ ಎಂದು ಬರೆಸಲು ಹೋಗಿ ಕೊನೆಯ ಎರಡಕ್ಷರ ಅದಲುಬದಲಾಗಿ ‘ಆಂಗಲ್’ ಆಗುತ್ತದೆ. ದೇವದೂತೆ ಹೋಗಿ ಕೋನ ಬಂದು ಕೂರುತ್ತದೆ. ‘ನಮ್ಮ ಮನೆಯ ಮುದ್ದು ಕೋನಕ್ಕೆ ಹುಟ್ಟುಹಬ್ಬದ ಶುಭಾಶಯಗಳು.’ ಲಘುಕೋನವೋ ಲಂಬಕೋನವೋ ಎಂದು ತಿಳಿಸಿದ್ದರೆ ಉಡುಗೊರೆಗೆ ಕೋನಮಾಪಕವನ್ನಾದರೂ ತರಬಹುದಿತ್ತು. ಅಜ್ಜ, ಅಜ್ಜಿ, ಸೋದರಮಾವ, ವಾರ್ಡಿನ ಮುಖಂಡ ಎಲ್ಲರೂ ಅದರ ಸುತ್ತ ವೃತ್ತಾಕಾರದ ಫೋಟೊಗಳಲ್ಲಿ ನಗುತ್ತಿರುವುದರಿಂದ ಜ್ಯಾಮಿತಿ ಪೂರ್ಣವಾಗುತ್ತದೆ.

ಕಾಲೇಜೊಂದರ ಸುತ್ತೋಲೆ ನೋಡಿದೆ. ಕೆಳಗೆ ಪ್ರಾಂಶುಪಾಲರ ಸಹಿ, ಸಹಿಯ ಕೆಳಗಿನ ಮೊಹರಿನಲ್ಲಿ ‘ತತ್ತ್ವ’ ಎಂದು ಅರ್ಥ ಬರುವ ಸ್ಪೆಲಿಂಗ್. ಶುಲ್ಕ ಕಟ್ಟದವರನ್ನು ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಸ್ವತಃ ತತ್ತ್ವವೇ ಆಜ್ಞೆ ಹೊರಡಿಸಿದೆ. ಶಾಲೆಯೆದುರಿನ ನೋಟ್‌ಬುಕ್ ಅಂಗಡಿಯ ಬೋರ್ಡಿನಲ್ಲಿ ‘ಇ’ ಇರಬೇಕಾದ ಕಡೆ ‘ಎ’ ಬಂದು ಸ್ಟೇಷನರಿ ಅಂಗಡಿ ನಿಶ್ಚಲ ಅಂಗಡಿಯಾಗಿದೆ. ಅದೂ ಪೂರ್ತಿ ನಿಜವಲ್ಲ, ಕಳೆದ ವರ್ಷದಿಂದೀಚೆಗೆ ಅದು ಫುಟ್‌ಪಾತ್ ಮೇಲೆ ನಾಲ್ಕಡಿ ಮುಂದೆ ಬಂದಿದೆ.

ಇವು ಯಾವುವೂ ಕಂಪ್ಯೂಟರಿನ ಕೆಂಪು ಗೆರೆಗೆ ಸುಲಭವಾಗಿ ಸಿಕ್ಕುವ ತಪ್ಪುಗಳಲ್ಲ. ಕೋನವೂ ನಿಘಂಟಿನಲ್ಲಿದೆ, ದೇವದೂತೆಯೂ ಇದ್ದಾಳೆ. ಯಂತ್ರಕ್ಕೆ ಎರಡೂ ಸಮ್ಮತ. ಅಷ್ಟೇ ಅಲ್ಲ, ಸರಿಯಾಗಿ ಬರೆದ ಪದಕ್ಕೂ ಮೊಬೈಲು ತಾನಾಗಿಯೇ ಅಪಾಸ್ಟ್ರಫಿ ಸಿಕ್ಕಿಸಿ ಕಳುಹಿಸುತ್ತದೆ. ಬೈಗುಳ ಮಾತ್ರ ಬೆರಳಿನ ಒಡೆಯನಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಅಸಲಿಗೆ ಬರೆ ಹಾಕಬೇಕಾದದ್ದು ಆ ಭಾಷೆಗೇ. ಸಾಲಕ್ಕೆ ಇಂಗ್ಲಿಷಿನವರು ‘ಡೆಟ್’ ಎನ್ನುತ್ತಾರೆ, ಬರೆಯುವಾಗ ನಡುವೆ ಒಂದು ‘ಬಿ’ ಕೂರಿಸುತ್ತಾರೆ. ಹಿಂದೆ ಆ ‘ಬಿ’ ಇರಲಿಲ್ಲ. ಪದದ ಲ್ಯಾಟಿನ್ ಕುಲಗೋತ್ರ ಎಲ್ಲರಿಗೂ ಕಾಣಲಿ ಎಂದು ಪಂಡಿತರು ಆಮೇಲೆ ತುರುಕಿದ್ದು. ಯಾರೂ ಉಚ್ಚರಿಸದೆ, ಎಲ್ಲರೂ ಹೊರಬೇಕಾದ ‘ಬಿ’. ಬಡ್ಡಿಯೇ ಇರಬೇಕು. ದ್ವೀಪಕ್ಕೆ ಅವರು ಬಳಸುವ ಪದದಲ್ಲೂ ಹೀಗೆಯೇ ಒಂದು ‘ಎಸ್’ ಬಂದು ಸೇರಿತು. ಅಲ್ಲಂತೂ ಪಂಡಿತರು ಗೋತ್ರವನ್ನೇ ತಪ್ಪಾಗಿ ಹಿಡಿದಿದ್ದರು. ಅಂದರೆ ಪಂಡಿತರ ತಪ್ಪನ್ನು ತಪ್ಪಿಲ್ಲದೆ ಬರೆಯುವವನು ಇಂದು ಜಾಣ.

ಇದನ್ನು ಸರಿಪಡಿಸಲು ಹೊರಟವರಲ್ಲಿ ಸಣ್ಣಪುಟ್ಟವರಿಲ್ಲ. 1906ರಲ್ಲಿ ಉಕ್ಕಿನ ದೊರೆ ಆ್ಯಂಡ್ರ್ಯೂ ಕಾರ್ನೆಗಿ ಹಣ ಕೊಟ್ಟು ಸರಳ ಕಾಗುಣಿತಕ್ಕೊಂದು ಮಂಡಳಿ ಮಾಡಿಸಿದ. ಮಂಡಳಿ 300 ಪದಗಳ ಪಟ್ಟಿ ಕೊಟ್ಟಿತು. ‘ತ್ರೂ’ ಎನ್ನಲು ಏಳಕ್ಷರ ದಂಡ, ನಾಲ್ಕು ಸಾಕು ಎಂದಿತು. ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟನಿಗೆ ಇದು ಹಿಡಿಸಿ, ಸರ್ಕಾರಿ ಮುದ್ರಣಾಲಯ ಇನ್ನು ಹೀಗೆಯೇ ಅಚ್ಚು ಹಾಕತಕ್ಕದ್ದು ಎಂದು ಆಜ್ಞೆ ಮಾಡಿದ. ಪತ್ರಿಕೆಗಳು ಗೇಲಿ ಮಾಡಿದವು, ಸಂಸತ್ತು ತಿರುಗಿಬಿತ್ತು, ಅದೇ ವರ್ಷ ಅವನು ಆಜ್ಞೆ ಹಿಂತೆಗೆದುಕೊಂಡ. ಪನಾಮಾ ಕಾಲುವೆ ತೋಡಲು ಹೆದರದ ಮನುಷ್ಯ ಮೂರು ಅಕ್ಷರ ಕೀಳಲಾರದೆ ಸೋತ. ನೂರು ವರ್ಷ ಕಳೆದ ಮೇಲೆ ಪಿಯುಸಿ ಹುಡುಗರ ಹೆಬ್ಬೆರಳು ಆ ಮೂರನ್ನೂ ಆಜ್ಞೆಯಿಲ್ಲದೆ ಕಿತ್ತುಹಾಕಿತು. ಕಾವಲುಗಾರರು ಅವರನ್ನು ಅನಕ್ಷರಸ್ಥರು ಎನ್ನುತ್ತಾರೆ.

ಇನ್ನು ಆಲೂಗಡ್ಡೆಯ ಕಥೆ ಎಲ್ಲರಿಗೂ ಗೊತ್ತಿರುವುದೇ. 1992ರಲ್ಲಿ ಅಮೆರಿಕದ ಉಪಾಧ್ಯಕ್ಷ ಡ್ಯಾನ್ ಕ್ವೇಲ್ ನ್ಯೂಜೆರ್ಸಿಯ ಶಾಲೆಗೆ ಹೋಗಿ, ಸರಿಯಾಗಿ ಬರೆದಿದ್ದ ಹುಡುಗನ ಕೈಯಲ್ಲಿ ‘ಪೊಟಾಟೊ’ದ ಬಾಲಕ್ಕೆ ಒಂದು ‘ಇ’ ಸೇರಿಸಿದ. ಶಾಲೆಯವರೇ ಕೊಟ್ಟ ಚೀಟಿಯಲ್ಲಿ ಹಾಗಿತ್ತಂತೆ. ಪಾಪ, ಚೀಟಿ ನೋಡಿ ಬರೆದೂ ಫೇಲಾದವರಲ್ಲಿ ಅಷ್ಟು ಎತ್ತರದ ಹುದ್ದೆಯವರು ಬೇರೆ ಇರಲಾರರು.

ನಮ್ಮ ಸಾಫ್ಟ್‌ವೇರ್ ಮಿತ್ರರಿಗೂ ಒಂದು ಮಾತು. ‘ಯುವರ್’ ತಪ್ಪಿತೆಂದು ಡೆಲಿವರಿ ಹುಡುಗನ ಸಂದೇಶದ ಚಿತ್ರ ತೆಗೆದು ನೀವು ಹಂಚಿ ನಗುತ್ತೀರಲ್ಲ, ಆ ಚಿತ್ರ ಹರಿದಾಡುವ ಅಂತರ್ಜಾಲದ ನಿಯಮಾವಳಿಯಲ್ಲೇ ಕಾಗುಣಿತ ತಪ್ಪಿದೆ. ಯಾವ ಪುಟದಿಂದ ಈ ಪುಟಕ್ಕೆ ಬಂದಿರಿ ಎಂದು ಬ್ರೌಸರ್ ತಿಳಿಸುವ ಸಾಲಿನ ಹೆಸರು ‘ರೆಫರರ್’. ನಾಲ್ಕು ‘ಆರ್’ ಇರಬೇಕು, ಇರುವುದು ಮೂರೇ. 1996ರ ಎಚ್‌ಟಿಟಿಪಿ ದಾಖಲೆಯಲ್ಲಿ ಹಾಗೆಯೇ ಅಚ್ಚಾಯಿತು. ಅಷ್ಟು ಹೊತ್ತಿಗೆ ಲೋಕವೆಲ್ಲ ಬಳಸುತ್ತಿದ್ದರಿಂದ ಯಾರೂ ತಿದ್ದಲಿಲ್ಲ. ಅಲ್ಲಿ ಯಾರೂ ನಗುವುದಿಲ್ಲ. ಅದಕ್ಕೆ ಮಾನಕ ಎಂಬ ಹೆಸರಿದೆ.

ಇಂಗ್ಲಿಷಿನ ಇಷ್ಟೆಲ್ಲ ಸೇವೆ ಮಾಡುವವರಿಗೆ ಸರ್ಕಾರ ಒಂದು ಪದಕವನ್ನಾದರೂ ಕೊಡಬೇಕಿತ್ತು ಎಂದು ಬರೆಯಲು ಹೊರಟವನು ಅಲ್ಲೇ ನಿಂತೆ. ಪದಕದ ಮಾತು ಬೇಡ. 2024ರ ನವೆಂಬರಿನಲ್ಲಿ, ಅದೂ ರಾಜ್ಯೋತ್ಸವದ ಹೊತ್ತಿನಲ್ಲಿ, ಪೊಲೀಸರ ಎದೆಗೆ ಚುಚ್ಚಿದ ಮುಖ್ಯಮಂತ್ರಿ ಪದಕದ ಮೇಲೆಯೇ ಕನ್ನಡದ ಕಾಗುಣಿತ ತಪ್ಪಿ, ಕೊಟ್ಟ ಪದಕಗಳನ್ನು ವಾಪಸು ಪಡೆಯಬೇಕಾಯಿತಲ್ಲ. ಆ ದಿನ ನಮ್ಮ ಕಾವಲುಗಾರರು ಎಲ್ಲಿದ್ದರೋ. ವರ್ಷವಿಡೀ ಫ್ಲೆಕ್ಸುಗಳಲ್ಲಿ ‘ಶುಭಾಷಯ’ ನೇತಾಡುತ್ತದೆ, ಮದ್ಯದ ಅಂಗಡಿಗಳು ‘ಮಧ್ಯ’ ಮಾರುತ್ತವೆ. ನಿಘಂಟಿನ ಫೋಟೊ ಹಾಕುವವರು ಇಲ್ಲಿ ಬಲು ಉದಾರಿಗಳು. ‘ಅರ್ಥವಾದರೆ ಸಾಕಲ್ಲ ಸಾರ್, ಕನ್ನಡದಲ್ಲಿ ಎಲ್ಲ ನಡೆಯುತ್ತದೆ.’

ನಡೆಯುತ್ತದೆ, ನಿಜ. 2024ರ ಆಗಸ್ಟ್ 27ರಂದು 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ ಕೆಪಿಎಸ್‌ಸಿ ನಡೆಸಿದ ಪೂರ್ವಭಾವಿ ಪರೀಕ್ಷೆಯೂ ಹೀಗೆಯೇ ನಡೆಯಿತು. ಕನ್ನಡದ ಪ್ರಶ್ನೆಗಳು ಕನ್ನಡ ಬಲ್ಲವರಿಗೇ ಅರ್ಥವಾಗದಂತೆ ಅನುವಾದಗೊಂಡಿದ್ದವು. ಗಲಾಟೆಯಾಯಿತು, ಮುಖ್ಯಮಂತ್ರಿಗಳು ಮರುಪರೀಕ್ಷೆಗೆ ಸೂಚಿಸಿದರು. ಡಿಸೆಂಬರ್ 29ಕ್ಕೆ ಮರುಪರೀಕ್ಷೆ. ತಪ್ಪುಗಳೂ ಹಾಲ್‌ಟಿಕೆಟ್ ಇಲ್ಲದೆ ಮತ್ತೊಮ್ಮೆ ಹಾಜರಾದವು.

ಇದರಲ್ಲಿ ನನಗೆ ತಮಾಷೆ ಕಾಣುತ್ತಿಲ್ಲ. ಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲಿ ಓದಿ, ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ಬಾಡಿಗೆ ಕೋಣೆ ಹಿಡಿದು, ಮನೆಯಿಂದ ಬರುವ ಹಣ ಲೆಕ್ಕ ಹಾಕುತ್ತ ವರ್ಷಗಟ್ಟಲೆ ತಯಾರಾದ ಹುಡುಗಿ ಅಲ್ಲಿ ಕುಳಿತಿರುತ್ತಾಳೆ. ಎರಡು ಗಂಟೆ, ನೂರು ಪ್ರಶ್ನೆ. ಅವಳು ಒಂದಕ್ಷರ ತಪ್ಪಿದರೆ ಬದುಕು ತಪ್ಪುತ್ತದೆ, ಪ್ರಶ್ನೆ ಬರೆದವರು ವಾಕ್ಯವನ್ನೇ ತಪ್ಪಿದರೂ ಸಂಬಳ ತಪ್ಪುವುದಿಲ್ಲ. ಕನ್ನಡ ಗೊಂದಲವಾದರೆ ಪಕ್ಕದ ಇಂಗ್ಲಿಷ್ ನೋಡಿಕೊಳ್ಳಬಹುದಿತ್ತಲ್ಲ ಎಂದು ಉಪದೇಶಿಸುವವರೂ ಇದ್ದಾರೆ. ನೋಡಿಕೊಳ್ಳುತ್ತಾಳೆ ಸ್ವಾಮಿ. ಇಂಗ್ಲಿಷ್ ನೋಡಿಯೇ ಉತ್ತರಿಸಬೇಕಾದರೆ ಪಕ್ಕದಲ್ಲಿ ಕನ್ನಡವನ್ನು ಅಚ್ಚು ಹಾಕಿದ್ದು ಏಕೆ? ಜಾಗ ಖಾಲಿ ಉಳಿದಿತ್ತೆಂದೇ?